ಹಚ್ ನಾಯಿಯ ಕಥೆ (ಭಾಗ 3)

2003ರ ಹಚ್ ಜಾಹೀರಾತು ಗೊತ್ತಲ್ವಾ? ನಮ್ಮಲ್ಲಿ ಎಷ್ಟೋ ಜನ ಆಗಿನ್ನೂ ಹುಟ್ಟೇ ಇರಲಿಲ್ಲ, ಯೂಟ್ಯೂಬಲ್ಲಾದ್ರೂ ನೋಡಿರ್ತೀರಿ. ಹುಡುಗ ಹೋದಲ್ಲೆಲ್ಲ ಹಿಂದೆನೇ ಓಡೋ ಪಗ್.

ಕಂಪನಿ ಮಾರಿದ್ದು ಮೊಬೈಲ್ ನೆಟ್‌ವರ್ಕ್, ಜನ ಕೇಳಿದ್ದು ನಾಯಿಮರಿ! 'ಹಚ್ ನಾಯಿ' ಅಂತಲೇ ಹೆಸರು ಬಿತ್ತು. ಬೇಡಿಕೆ ಏರಿದ್ರೆ ಪೂರೈಕೆನೂ ಏರುತ್ತೆ, ನಮ್ಮ ಬಿಕಾಂ ಪಾಠ. ಆದ್ರೆ ಇಲ್ಲಿ ಪೂರೈಕೆ ಅಂದ್ರೆ ಬೋನಿನಲ್ಲಿ ಮತ್ತೆ ಮತ್ತೆ ಬಸುರಿಯಾಗೋ ತಾಯಿನಾಯಿ. ಅದರ ಮರಿಗಳಿಗೋ, ಚಪ್ಪಟೆ ಮೂಗಿನಿಂದಾಗಿ ನಮ್ಮ ಬೇಸಿಗೆಯಲ್ಲಿ ಉಸಿರಾಡೋದೇ ಕಷ್ಟ.

ಕೇಂದ್ರದ ನಿಯಮ ಬಂದಿದ್ದು 2017ರಲ್ಲಿ. ಮರಿ ಹಾಕಿಸಿ ಮಾರೋರು ನೋಂದಣಿ ಮಾಡಿಸಬೇಕು, 8 ವಾರ ತುಂಬದ ಮರಿ ಮಾರೋ ಹಾಗಿಲ್ಲ. ಪೆಟ್ ಶಾಪ್‌ಗಳಿಗೆ 2018ರಲ್ಲಿ. ಜಾಹೀರಾತು ಬಂದು 15 ವರ್ಷದ ಮೇಲೆ!

ಅಂಗಡಿಗೆ ಹೋದ್ರೆ ನೋಂದಣಿ ಪತ್ರ ಕೇಳಿ, ತಾಯಿನಾಯಿ ತೋರ್ಸಿ ಅನ್ನಿ. ನಾನಂತೂ ದತ್ತು ತಗೊಳ್ಳೋದು ಬೀದಿ ಮರಿನೇ. ಮುಂದಿನ ಭಾಗದಲ್ಲಿ ಮುಧೋಳ ನಾಯಿ.