ಗೇಣಿದಾರರ ಶಾಸಕ ಶಾಂತವೇರಿ ಗೋಪಾಲಗೌಡರು

ನಮ್ಮ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಹೊತ್ತಿನಲ್ಲಿ ಸಂಘ ಕಟ್ಟಿದ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರ ಜೊತೆಗೆ ಇನ್ನೊಬ್ಬರನ್ನೂ ನೆನೆಯಬೇಕು. ಅವರು ನಮ್ಮ ಸಂಘದ ಸದಸ್ಯರಲ್ಲ. ಸಂಘ ಹುಟ್ಟುವ ಎಷ್ಟೋ ಮೊದಲೇ ತೀರಿಕೊಂಡವರು. ಆದರೆ ಬೆಳೆಸಾಲದ ಅರ್ಜಿಗೆ ನಾವು ಪಹಣಿ ಲಗತ್ತಿಸುತ್ತೇವಲ್ಲ, ಆ ಪಹಣಿಯಲ್ಲಿ ನಮ್ಮಲ್ಲಿ ಅನೇಕರ ಅಪ್ಪ-ಅಜ್ಜಂದಿರ ಹೆಸರು ಕೂತದ್ದರ ಹಿಂದೆ ಅವರ ಹೋರಾಟವಿದೆ. ಅವರೇ ಶಾಂತವೇರಿ ಗೋಪಾಲಗೌಡರು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡ ಕುಟುಂಬ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಲೇಜಾವ್ ಚಳವಳಿಗೆ ಧುಮುಕಿ ಜೈಲು ಕಂಡರು. ಮುಂದೆ ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಕ್ಕೆ ಒಲಿದು ಸಮಾಜವಾದಿ ಪಕ್ಷ ಸೇರಿದರು. ಸ್ವಾತಂತ್ರ್ಯವೇನೋ ಬಂತು, ಆದರೆ ಮಲೆನಾಡಿನ ಗೇಣಿದಾರನಿಗೆ ಅದು ಬಂದಿರಲಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಆ ಕಾಲದ ಗೇಣಿಯ ಸಂಗತಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಗದ್ದೆ ಒಡೆಯರದು, ಬೆವರು ಒಕ್ಕಲಿನದು. ಸುಗ್ಗಿಯಾದ ಮೇಲೆ ಗೇಣಿ ಭತ್ತ ಅಳೆದು ಕೊಡಬೇಕು. ಉಳಿದದ್ದು ಮಳೆಗಾಲದವರೆಗೆ ಸಾಲದಿದ್ದರೆ ಮತ್ತೆ ಅದೇ ಒಡೆಯರ ಮನೆಯ ಅಂಗಳಕ್ಕೆ ಹೋಗಿ ನಿಲ್ಲಬೇಕು. ಕಾಗದ-ಪತ್ರ ಯಾವುದೂ ಇಲ್ಲ. "ಮುಂದಿನ ವರ್ಷ ಗದ್ದೆ ಬಿಡು" ಅಂದರೆ ಬಿಟ್ಟು ಏಳಬೇಕು. ನಮ್ಮ ಹಿರಿಯರು ಈ ಮಾತು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಭಯ ಅಷ್ಟು ಆಳಕ್ಕೆ ಇಳಿದಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದು ಕೊಳಗದ ವಿಷಯಕ್ಕೆ. ಗೇಣಿ ಅಳೆಯಲು ಒಡೆಯರ ಕಡೆಯವರು ದೊಡ್ಡ ಕೊಳಗ ಬಳಸುತ್ತಾರೆ, ಅಳತೆ ಸರಿಯಾಗಲಿ ಎಂದು ರೈತರು ಕೇಳಿದರು. ಕೇಳಿದ್ದೇ ತಪ್ಪಾಯಿತು, ಅವರು ಉಳುವ ಗದ್ದೆಗೇ ಕುತ್ತು ಬಂತು. ಹೆಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಅವರ ಜೊತೆ ನಿಂತರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು. ಮರುದಿನ ಮತ್ತೊಂದು ತಂಡ. ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದ ಗೆಳೆಯರು ಈ ಹೋರಾಟವನ್ನು ತಮ್ಮದೇ ಮಾಡಿಕೊಂಡರು. ಜೂನ್‌ನಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಒಂದು ಹಳ್ಳಿಯ ಕೊಳಗದ ಜಗಳ ದೇಶದ ಪ್ರಶ್ನೆಯಾಯಿತು.

ಮರುವರ್ಷ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಎದುರಾಳಿ ಕಾಂಗ್ರೆಸ್ಸಿನ ಹೆಸರಾಂತ ಮುಖಂಡ ಎ. ಆರ್. ಬದರಿನಾರಾಯಣ್. ಗೌಡರ ಕೈಯಲ್ಲಿ ಕಾಸಿಲ್ಲ. "ಒಂದು ವೋಟು, ಒಂದು ನೋಟು" ಎಂಬ ಮಾತು ಅವರ ಹೆಸರಿನೊಂದಿಗೆ ಇಂದಿಗೂ ಅಂಟಿಕೊಂಡಿದೆ. ಮತದಾರನೇ ಮತದ ಜೊತೆ ಕೈಲಾದ ಹಣವನ್ನೂ ಕೊಡಬೇಕು ಎಂಬುದು ಅದರ ಅರ್ಥ. ಮತಕ್ಕೆ ಹಣ ಹಂಚುವ ಸುದ್ದಿ ಕೇಳಿ ಕೇಳಿ ಬೇಸತ್ತ ನಮಗೆ ಇದು ಕಟ್ಟುಕತೆಯಂತೆ ಕಂಡರೂ ಆಶ್ಚರ್ಯವಿಲ್ಲ. ಗೌಡರು ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಆರಿಸಿ ಬಂದರು.

ಅವರು ಒಮ್ಮೆಯೂ ಮಂತ್ರಿಯಾಗಲಿಲ್ಲ. ವಿರೋಧ ಪಕ್ಷದಲ್ಲೇ ಕೂತು ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕು ಎಂದು ವಾದಿಸಿದರು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರಲ್ಲಿ. ಅದರಲ್ಲೂ ಸ್ವಂತ ಸಾಗುವಳಿ ಎಂದು ಹೇಳಿ ಒಡೆಯರು ಜಮೀನು ಹಿಂದಕ್ಕೆ ಪಡೆಯಲು ದಾರಿಯಿತ್ತು. ಗೇಣಿದಾರನ ಕಷ್ಟ ತೀರಲಿಲ್ಲ.

ಕಾಯಿಲೆಯಿಂದ ನರಳಿದ ಗೌಡರು 1972ರ ಜೂನ್ 9ರಂದು ನಿಧನರಾದರು. ವಯಸ್ಸು ಐವತ್ತು ಕೂಡ ತುಂಬಿರಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ಕೇಳುವ ಅವಕಾಶವಾಯಿತು. ಎರಡನ್ನೂ ನೋಡಲು ಅವರು ಇರಲಿಲ್ಲ. ಬಿತ್ತಿದವರೊಬ್ಬರು, ಕೊಯ್ಲು ಕಂಡವರು ನಾವು.

ಫಾರಂ ನಂಬರ್ 7 ತುಂಬಿ "ಡಿಕ್ಲರೇಶನ್" ಕೊಡಲು ನಮ್ಮ ಹಿರಿಯರು ತಾಲ್ಲೂಕು ಕಚೇರಿಗೆ ಅಲೆದದ್ದು, ಭೂನ್ಯಾಯಮಂಡಳಿಯ ಮುಂದೆ ಕೈಮುಗಿದು ನಿಂತದ್ದು ಮನೆಮನೆಯ ಕತೆ. ಎಲ್ಲರಿಗೂ ನ್ಯಾಯ ಸಿಕ್ಕಿತು ಅಂತ ಹೇಳಲಾರೆವು. ಒಡೆಯರಿಗೆ ಹೆದರಿ ಅರ್ಜಿಯನ್ನೇ ಹಾಕದವರಿದ್ದರು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರ ಕೈಗೆ ಈ ಕಾಯ್ದೆಯಿಂದ ಗದ್ದೆ ಬರಲಿಲ್ಲ. ಎರಡೆಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ಬಡ ವಿಧವೆಯರೂ ಜಮೀನು ಕಳೆದುಕೊಂಡರು. ಇದನ್ನೂ ಮರೆಯಬಾರದು.

ಇಷ್ಟೆಲ್ಲ ಬರೆದದ್ದು ಬರೀ ಗುಣಗಾನಕ್ಕಲ್ಲ. ಪಹಣಿ ಇಲ್ಲದ ಗೇಣಿದಾರನಿಗೆ ಸಾಲ ಕೊಡುವವರು ಯಾರು? ಸಾಹುಕಾರನೇ ಗತಿ. ಭೂಮಿ ಕೈಗೆ ಬಂದದ್ದರಿಂದ ಸಂಘದ ಬಾಗಿಲು ತೆರೆಯಿತು. ಇಲ್ಲಿ ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ವೋಟು. ಮಹಾಸಭೆಯಲ್ಲಿ ಎದ್ದು ಲೆಕ್ಕ ಕೇಳಿದರೆ ಯಾರೂ ಗದ್ದೆ ಬಿಡಿಸುವುದಿಲ್ಲ. ಕಾಗೋಡಿನವರು ಕೇಳಿದ್ದೂ ಸರಿಯಾದ ಲೆಕ್ಕವನ್ನೇ. ಆದ್ದರಿಂದ ಸಂಘದ ತಕ್ಕಡಿ ನೆಟ್ಟಗಿರಲಿ, ಸದಸ್ಯರು ಪಡೆದ ಸಾಲ ವಾಯಿದೆಗೆ ಸರಿಯಾಗಿ ಕಟ್ಟಲಿ.

ಇನ್ನೊಂದು ಮಾತು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಗದ್ದೆ ಮಾರಿ ಪೇಟೆ ಸೇರುವ ಯೋಚನೆ ಮಾಡುವ ನಮ್ಮ ಹುಡುಗರು, ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ಮನೆಯ ಪೆಟ್ಟಿಗೆಯಲ್ಲಿರುವ ಆ ಹಳೆಯ ನ್ಯಾಯಮಂಡಳಿಯ ಆದೇಶವನ್ನು ಒಮ್ಮೆ ಬಿಚ್ಚಿ ಓದಲಿ.

ಬೆಂಗಳೂರಿಗೆ ಹೋದಾಗ ವಿಧಾನಸೌಧದ ಹತ್ತಿರ ಗೋಪಾಲಗೌಡ ವೃತ್ತ ಸಿಗುತ್ತದೆ. ಆ ಹೆಸರು ಯಾರದು ಎಂದು ಮಕ್ಕಳು ಕೇಳಿದರೆ "ಯಾರೋ ದೊಡ್ಡವರು" ಎನ್ನಬೇಡಿ. ಕೊಳಗದ ಕತೆ ಹೇಳಿ, ನಮ್ಮ ಗದ್ದೆ ನಮ್ಮದಾದ ಕತೆ ಹೇಳಿ.