ಗಾಲಿ ತೊಳೆದ ನೀರು

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಸಿ.ವಿ. ರಾಮನ್ ಹುಟ್ಟಿದ್ದು 1888ರಲ್ಲಿ. ಅದೇ ವರ್ಷ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯರು, ಮಗನ ಮೂರುಗಾಲಿ ಸೈಕಲ್ಲಿಗೆಂದು ತಾವು ಮಾಡಿದ್ದ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದರು. ಎರಡಕ್ಕೂ ಸಂಬಂಧವೇನಿಲ್ಲ. ಆದರೂ ಆಯುಧಪೂಜೆಯ ಹಿಂದಿನ ದಿನ ನಮ್ಮ ಗಲ್ಲಿಯಲ್ಲಿ ಲಾರಿಗಳ ಸ್ನಾನ ಶುರುವಾದಾಗ ನನಗೆ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ.

ಇಲ್ಲಿ ಒಂದು ಪಕ್ಕಕ್ಕೆ ರಡಾರು, ವಿಮಾನದ ಇಂಜಿನ್ ರೂಪಿಸುವ ರಕ್ಷಣಾ ಸಂಶೋಧನಾಲಯಗಳ ಎತ್ತರದ ಗೋಡೆ. ಇನ್ನೊಂದು ಪಕ್ಕಕ್ಕೆ ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯ. ಹಳ್ಳಿ ಹೋಗಿ ಹೆಸರು ಉಳಿದ ಜಾಗಗಳು. ಆ ಗಲ್ಲಿಗಳಲ್ಲಿ ಮನೆಬಾಗಿಲಿಗೇ ಬಂದು ನಿಲ್ಲುವ ನೀರಿನ ಟ್ಯಾಂಕರುಗಳುಂಟು. ಲಾರಿಯಲ್ಲಿ ‘ಕ್ಲೀನರ್’ ಎಂಬ ಹುದ್ದೆಯೇ ಇದ್ದರೂ ಹಬ್ಬದ ದಿನ ಗಾಲಿ ಉಜ್ಜುವವರು ಹೆಚ್ಚಾಗಿ ಆ ಮನೆಯ ಹೆಂಗಸರು, ಮಕ್ಕಳು. ಸೋಪಿನಪುಡಿ, ತೆಂಗಿನನಾರು, ನಟ್ಟುಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಪಾತ್ರೆ ತಿಕ್ಕುವ ಕೈಗೆ ಇದೇನು ಹೊಸ ವಿದ್ಯೆಯಲ್ಲ.

ಗಾಲಿಗೆ ನೀರು ಹಾಕುವುದು ಟೈರಿಗಿಂತ ಬಹಳ ಹಳೆಯ ಕೆಲಸ. ಎತ್ತಿನ ಬಂಡಿಯ ಮರದ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ, ಮೇಲೆ ನೀರು ಸುರಿಯುತ್ತಿದ್ದ. ಪಟ್ಟಿ ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾದರೆ ಬಂಡಿಯನ್ನು ಕೆರೆಗಿಳಿಸಿ ಚಕ್ರ ನೆನೆಸುತ್ತಿದ್ದರು. ಮರ ಉಬ್ಬಿ ಮತ್ತೆ ಬಿಗಿಯಾಗುತ್ತಿತ್ತು. ಆಗ ನೀರು ಗಾಲಿಯ ಅಂದಕ್ಕಲ್ಲ, ಅದರ ಆಯುಸ್ಸಿಗೆ. ಅಚ್ಚಿಗೆ ಬೇಕಾದದ್ದು ಹರಳೆಣ್ಣೆ.

ರಬ್ಬರಿನ ಟೈರು ಹುಟ್ಟುವಾಗ ಕಪ್ಪಗಿರಲಿಲ್ಲ, ಮಾಸಲು ಬಿಳುಪು. (ಮಿಶಲಾನ್ ಕಂಪೆನಿಯ ಟೈರು ಗೊಂಬೆ ಇಂದಿಗೂ ಬೆಳ್ಳಗಿರುವುದು ಅದಕ್ಕೇ.) 1910ರ ದಶಕದಿಂದ ರಬ್ಬರಿಗೆ ನಯವಾದ ಮಸಿ ಬೆರೆಸತೊಡಗಿದರು, ಸವೆತ ತಡೆಯುವ ಶಕ್ತಿ ಎಷ್ಟೋ ಪಾಲು ಹೆಚ್ಚಿತು. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಹಿಡಿಯುತ್ತಿದ್ದ ಕಾಡಿಗೆಯ ಜಾತಿಯದೇ ಈ ಮಸಿ. ಅಚ್ಚಿನ ಎಣ್ಣೆ, ಕಣ್ಣಿನ ಕಾಡಿಗೆ ಎರಡೂ ಲಾರಿಯ ದಾರಿಗೆ ಬಂದು ಸೇರಿದವಲ್ಲ ಎಂದು ನನಗೆ ನಗು.

“ಎಷ್ಟು ಉಜ್ಜಿದ್ರೂ ಈ ಕಂದು ಬಣ್ಣ ಹೋಗಲ್ಲ ಕಣಕ್ಕಾ, ವಾರಕ್ಕೆ ಮತ್ತೆ ಬರ್ತದೆ,” ಎಂದು ಪಕ್ಕದ ಟ್ಯಾಂಕರ್ ಮನೆಯಾಕೆ ಗೊಣಗುತ್ತಾಳೆ. ಅದೆಲ್ಲ ಕೊಳೆಯಲ್ಲ. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಬಿರಿಯಿಸದಿರಲೆಂದು ಟೈರಿನೊಳಗೆ ಮೇಣ, ರಾಸಾಯನಿಕ ಸೇರಿಸಿರುತ್ತಾರೆ. ಅವು ಮೆಲ್ಲಗೆ ಹೊರಗೆ ಬಂದು ಕಂದಾಗುತ್ತವೆ. ಟೈರು ತಾನೇ ಹಚ್ಚಿಕೊಳ್ಳುವ ಮದ್ದು ಅದು. ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಆ ಗಳಿಗೆಗೆ ಮಿರಮಿರ ಮಿಂಚೀತು, ಆದರೆ ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸಾಬೂನು ನೀರು ಸಾಕು. ಅದೂ ಒಂದು ಬಕೆಟ್ಟಿನಲ್ಲಿ ಮುಗಿಯಬೇಕು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಊರೆಲ್ಲ ಕೊಡ ಹಿಡಿದು ನಿಂತಾಗ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿತ್ತು. ನೀರು ಹೊರುವ ಲಾರಿಯ ಗಾಲಿಗೇ ನೀರಿಲ್ಲದ ದಿನಗಳವು.

ಹಾಗಾದರೆ ತೊಳೆಯುವುದೇ ಬೇಡವೆ? ಬೇಕು, ನೋಡುವುದಕ್ಕೆ. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡ ಕಲ್ಲು ಓಡುವಾಗ ಗುಂಡಿನಂತೆ ಸಿಡಿಯಬಲ್ಲದು, ಟೈರನ್ನೂ ಸೀಳಬಲ್ಲದು. ಪಕ್ಕೆಯಲ್ಲಿ ಬಿಟ್ಟ ಸೀಳು, ಉಬ್ಬು ಕಾಣುವುದು ಕೆಸರು ಹೋದ ಮೇಲೆಯೇ. ರಿಮ್ಮಿನಲ್ಲಿ ನಟ್ಟಿನ ಬುಡದಿಂದ ಹೊರಟ ತುಕ್ಕಿನ ಗೆರೆ ಕಂಡರೆ ಆ ನಟ್ಟು ಸಡಿಲವಾಗಿರುವ ಸಂಭವ ಹೆಚ್ಚು. ಹಬ್ಬಕ್ಕೆಂದು ಅದರ ಮೇಲೆ ಕೆಂಪು, ಹಳದಿ ಪೇಂಟು ಬಳಿದುಬಿಟ್ಟರೆ ಗೆರೆಯೂ ಮುಚ್ಚಿತು, ಎಚ್ಚರಿಕೆಯೂ ಮುಚ್ಚಿತು. ಲಾರಿಯಿಂದ ಕಳಚಿ ಉರುಳಿದ ಗಾಲಿಗೆ ಎದುರು ಬರುವವರು ಯಾರೆಂಬ ಲೆಕ್ಕವಿಲ್ಲ.

ಕಳೆದ ಆಯುಧಪೂಜೆಗೆ ಆಕೆ ಬಲಗಡೆಯ ಹಿಂದಿನ ಗಾಲಿಯಲ್ಲಿ ಅಂಥದೊಂದು ಗೆರೆ ನೋಡಿದಳು. ಗಂಡ ಬೂದುಗುಂಬಳ, ನಿಂಬೆಹಣ್ಣು ತರಲು ಹೋಗಿದ್ದ. ಪೇಂಟಿನ ಡಬ್ಬಿ ಮುಚ್ಚಿಟ್ಟು, ಮಗನನ್ನು ಸ್ಪ್ಯಾನರ್ ತರಲು ಕಳಿಸಿದಳು. ನಟ್ಟು ಮುಕ್ಕಾಲು ಸುತ್ತು ತಿರುಗಿತು.