ಫ್ರಾಂಕ್ ವೊರೆಲ್: ದೇಶವಿಲ್ಲದ ತಂಡದ ನಾಯಕ

ವೆಸ್ಟ್ ಇಂಡೀಸ್ ಎಂಬ ದೇಶ ಭೂಪಟದಲ್ಲಿ ಎಲ್ಲೂ ಇಲ್ಲ. ಕ್ರಿಕೆಟ್ ಹುಚ್ಚಿನ ಮಕ್ಕಳು ಒಂದಲ್ಲ ಒಂದು ದಿನ ಅಟ್ಲಾಸ್ ಬಿಡಿಸಿ ಕುಳಿತಾಗ ತಾವಾಗಿಯೇ ಕಂಡುಕೊಳ್ಳುವ ಸಂಗತಿ ಇದು. ಆ ಹೆಸರಿನ ಪಾಸ್‌ಪೋರ್ಟ್ ಇಲ್ಲ, ಸೈನ್ಯವಿಲ್ಲ, ಪಾರ್ಲಿಮೆಂಟ್ ಇಲ್ಲ. ಇರುವುದು ಒಂದು ವಿಶ್ವವಿದ್ಯಾಲಯ ಮತ್ತು ಒಂದು ಕ್ರಿಕೆಟ್ ತಂಡ. ಜಮೈಕಾದಿಂದ ಬಾರ್ಬಡೋಸ್‌ಗೆ ಸಮುದ್ರದ ಮೇಲೆ ಸುಮಾರು ಎರಡು ಸಾವಿರ ಕಿಲೋಮೀಟರ್ ದಾರಿ. ನಡುವೆ ಹತ್ತಾರು ದ್ವೀಪಗಳು, ಪ್ರತಿಯೊಂದಕ್ಕೂ ತನ್ನದೇ ಗತ್ತು, ಪಕ್ಕದವರ ಮೇಲೆ ತನ್ನದೇ ಅಸಮಾಧಾನ.

ಇವುಗಳನ್ನೆಲ್ಲ ಸೇರಿಸಿ ಒಂದು ದೇಶ ಮಾಡುವ ಪ್ರಯತ್ನ ನಡೆಯದೆ ಇರಲಿಲ್ಲ. 1958ರ ಜನವರಿಯಲ್ಲಿ ಬ್ರಿಟಿಷರ ಆಶ್ರಯದಲ್ಲಿ ವೆಸ್ಟ್ ಇಂಡೀಸ್ ಒಕ್ಕೂಟ ಹುಟ್ಟಿತು. 1961ರ ಸೆಪ್ಟೆಂಬರ್‌ನಲ್ಲಿ ಜಮೈಕಾದ ಜನ ಮತ ಹಾಕಿ ಹೊರನಡೆದರು. 1962ರ ಮೇ 31ರಂದು ಒಕ್ಕೂಟದ ಬಾಗಿಲು ಮುಚ್ಚಿತು. ನಾಲ್ಕು ವರ್ಷ, ಐದು ತಿಂಗಳು. ನಮ್ಮ ಈ ಲೇಖನದ ನಾಯಕ ಫ್ರಾಂಕ್ ವೊರೆಲ್ ಅದೇ ದ್ವೀಪಗಳ ಹುಡುಗರನ್ನು ಕಟ್ಟಿಕೊಂಡು ಒಂದು ತಂಡ ಮಾಡಿದ್ದು ಈ ಅವಧಿಯಲ್ಲೇ.

ನಮ್ಮ ಪೀಳಿಗೆಯವರಿಗೆ ವೆಸ್ಟ್ ಇಂಡೀಸ್ ಎಂದರೆ ವಾಲ್ಷ್, ಆಂಬ್ರೋಸ್, ಲಾರಾ. ನಮ್ಮ ಹಿರಿಯರಿಗೆ ಲಾಯ್ಡ್ ಮತ್ತು ರಿಚರ್ಡ್ಸ್. ವೊರೆಲ್ ಹೆಸರು ಕೇಳಿದರೆ ಹೆಚ್ಚಿನವರಿಗೆ ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ನಡುವಿನ ಟ್ರೋಫಿ ನೆನಪಾಗುತ್ತದೆ, ಅಷ್ಟೆ. ಟ್ರೋಫಿಯಾದ ಮನುಷ್ಯನ ಕಥೆ ಯಾರಿಗೂ ಬೇಕಾಗುವುದಿಲ್ಲ.

ಅವರು ಹುಟ್ಟಿದ್ದು 1924ರ ಆಗಸ್ಟ್ 1ರಂದು, ಬಾರ್ಬಡೋಸ್‌ನಲ್ಲಿ. ಕಬ್ಬಿನ ಗದ್ದೆಗಳ ಚಿಕ್ಕ ದ್ವೀಪ ಅದು. ಗುಲಾಮಗಿರಿ ಕಾನೂನಿನ ಪ್ರಕಾರ ಹೋಗಿ ತೊಂಬತ್ತು ವರ್ಷವಾಗುತ್ತ ಬಂದಿದ್ದರೂ ಬದುಕಿನಲ್ಲಿ ಅದರ ಗೆರೆಗಳು ಅಳಿಸಿರಲಿಲ್ಲ. ಕ್ರಿಕೆಟ್ ಕ್ಲಬ್ಬುಗಳನ್ನು ನೋಡಿದರೆ ಸಾಕಿತ್ತು. ವಾಂಡರರ್ಸ್ ಮತ್ತು ಪಿಕ್ವಿಕ್ ಬಿಳಿಯರವು, ಎಂಪೈರ್ ಕರಿಯರದು. ನಮ್ಮೂರುಗಳಲ್ಲಿ ಯಾವ ಬಾವಿಯ ನೀರು ಯಾರಿಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲವಲ್ಲ, ಹಾಗೆಯೇ ಅಲ್ಲಿಯೂ ಯಾವ ಹುಡುಗ ಯಾವ ಗೇಟಿನೊಳಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಇದೇ ದ್ವೀಪದ ಇದೇ ಸೇಂಟ್ ಮೈಕೇಲ್ ಪ್ರದೇಶದಲ್ಲಿ ಹದಿನೆಂಟು ತಿಂಗಳ ಅಂತರದಲ್ಲಿ ವೊರೆಲ್, ವೀಕ್ಸ್, ವಾಲ್ಕಾಟ್ ಹುಟ್ಟಿದರು. ಜಗತ್ತು ಮುಂದೆ ಅವರನ್ನು ‘ಮೂವರು ಡಬ್ಲ್ಯು’ ಎಂದು ಕರೆಯಿತು.

ಹುಡುಗ ವೊರೆಲ್ ರನ್ ಹೊಡೆದದ್ದು ರಾಶಿ ರಾಶಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟ್ರಿನಿಡಾಡ್ ವಿರುದ್ಧ ಔಟಾಗದೆ 308. ಎರಡು ವರ್ಷ ಕಳೆದು 1946ರಲ್ಲಿ ಅದೇ ಟ್ರಿನಿಡಾಡ್ ಎದುರು ವಾಲ್ಕಾಟ್ ಜೊತೆಗೂಡಿ ಮುರಿಯದ 574 ರನ್ನುಗಳ ಜೊತೆಯಾಟ. ಆದರೆ ಈ ಹುಡುಗನಿಗೆ ಇನ್ನೊಂದು ‘ದೋಷ’ ಇತ್ತು. ದೊಡ್ಡವರ ಎದುರು ತಲೆ ತಗ್ಗಿಸುತ್ತಿರಲಿಲ್ಲ. ಊರು ಅವನನ್ನು ಗರ್ವಿ ಎಂದಿತು. 1947ರಲ್ಲಿ ವೊರೆಲ್ ಬಾರ್ಬಡೋಸ್ ಬಿಟ್ಟು ಜಮೈಕಾಕ್ಕೆ ಹೊರಟುಹೋದರು. ಸ್ವಾಭಿಮಾನಕ್ಕೆ ಗರ್ವ ಎಂಬ ಹೆಸರಿಡುವುದು ಬಲ್ಲಿದರಿಗೆ ಎಲ್ಲ ಕಾಲದಲ್ಲೂ ಸುಲಭ.

1948ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲೇ 97. ಮುಂದಿನ ಟೆಸ್ಟಿನಲ್ಲಿ ಔಟಾಗದೆ 131. ಅದೇ ವರ್ಷದ ಕೊನೆಗೆ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ ಅದರಲ್ಲಿ ವೊರೆಲ್ ಇರಲಿಲ್ಲ. ಅವರು ಕೇಳಿದ ಸಂಭಾವನೆಗೆ ಅಲ್ಲಿನ ಮಂಡಳಿ ಒಪ್ಪಲಿಲ್ಲ. ಬಿಳಿಯ ಜಮೀನ್ದಾರರ ಮಕ್ಕಳು ಆಟವನ್ನು ಶೋಕಿಗಾಗಿ ಆಡಬಹುದಿತ್ತು, ವೊರೆಲ್‌ಗೆ ಹೊಟ್ಟೆಪಾಡೂ ಇತ್ತು. ಅವರು ಇಂಗ್ಲೆಂಡಿನ ರ್‍ಯಾಡ್‌ಕ್ಲಿಫ್ ಎಂಬ ಊರಿನ ಲೀಗ್ ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡಿದರು. ಜೊತೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿ ಓದಿದರು. ಭಾರತದ ಜನ ಅವರ ಆಟ ಕಂಡದ್ದು ಮರುವರ್ಷ, ಕಾಮನ್‌ವೆಲ್ತ್ ತಂಡದೊಂದಿಗೆ ಬಂದಾಗ. ಕಾನ್ಪುರದಲ್ಲಿ ಔಟಾಗದೆ 223 ಹೊಡೆದರು.

ಅವರ ಬ್ಯಾಟಿಂಗ್ ಬಗ್ಗೆ ಬರೆದವರೆಲ್ಲ ಬಳಸುವ ಮಾತು ಸೊಗಸು. ಬಲಕ್ಕಿಂತ ಸಮಯಜ್ಞಾನದ ಆಟ. ಚೆಂಡು ಇನ್ನೇನು ಕೀಪರ್ ಕೈ ಸೇರಿತು ಎನ್ನುವಾಗ ಬ್ಯಾಟನ್ನು ಮೆಲ್ಲಗೆ ತಾಗಿಸಿ ಹಿಂದಕ್ಕೆ ಕಳಿಸುವ ಲೇಟ್ ಕಟ್ ಅವರ ಗುರುತು. ಉರ್ದುವಿನಲ್ಲಿ ನಜಾಕತ್ ಎನ್ನುತ್ತೇವಲ್ಲ, ಅದು. 1950ರ ಇಂಗ್ಲೆಂಡ್ ಸರಣಿಯನ್ನು ವೆಸ್ಟ್ ಇಂಡೀಸ್ 3-1ರಿಂದ ಗೆದ್ದಾಗ ವೊರೆಲ್ 539 ರನ್ ಮಾಡಿದರು. ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್‌ನಲ್ಲಿ 261. ಅದೇ ಮೈದಾನದಲ್ಲಿ 1957ರಲ್ಲಿ ಆರಂಭಿಕರಾಗಿ ಹೋಗಿ, ಉಳಿದ ಹತ್ತೂ ಜನ ಔಟಾದರೂ 191ರಲ್ಲಿ ಅಜೇಯರಾಗಿ ಉಳಿದರು.

ಇಷ್ಟಾದರೂ ನಾಯಕತ್ವ ಸಿಗಲಿಲ್ಲ. ವೆಸ್ಟ್ ಇಂಡೀಸ್ ಟೆಸ್ಟ್ ಆಡತೊಡಗಿದ್ದು 1928ರಲ್ಲಿ. ಅಲ್ಲಿಂದ ಮೂವತ್ತೆರಡು ವರ್ಷ ಆ ಖುರ್ಚಿ ಬಿಳಿಯರದು ಎಂಬುದು ಅಲಿಖಿತ ನಿಯಮ. ಮಹಾನ್ ಬ್ಯಾಟ್ಸ್‌ಮನ್ ಜಾರ್ಜ್ ಹೆಡ್ಲಿಗೆ 1948ರಲ್ಲಿ ಒಂದೇ ಒಂದು ಟೆಸ್ಟಿನ ಮಟ್ಟಿಗೆ ಕೊಟ್ಟು ಸುಮ್ಮನಾದರು. ಬೌಲಿಂಗ್ ಮಾಡಲು, ರನ್ ಹೊಡೆಯಲು ಕರಿಯರು ಬೇಕು. ಟಾಸ್ ಹಾಕಲು, ಗವರ್ನರ್ ಜೊತೆ ಊಟಕ್ಕೆ ಕೂರಲು ಬಿಳಿಯನೇ ಬೇಕು. 1955ರಲ್ಲಿ ಆಸ್ಟ್ರೇಲಿಯಾ ಬಂದಾಗ ವೊರೆಲ್ ಇದ್ದರೂ ಅವರಿಗಿಂತ ಕಿರಿಯರಾದ ಡೆನಿಸ್ ಅಟ್ಕಿನ್ಸನ್ ನಾಯಕರಾದರು. ಭಾರತಕ್ಕೆ ಹೊರಟ 1958ರ ತಂಡದ ನಾಯಕತ್ವಕ್ಕೆ ವೊರೆಲ್‌ರನ್ನು ಕೇಳಿದ್ದು ನಿಜ. ಅವರು ಆಗ ಓದಿನಲ್ಲಿದ್ದರು, ಬರಲಿಲ್ಲ. ಜಮೈಕಾದ ಬಿಳಿಯ ವಿಕೆಟ್‌ಕೀಪರ್ ಜೆರ್ರಿ ಅಲೆಕ್ಸಾಂಡರ್ ನಾಯಕರಾದರು, ಮುಂದೆಯೂ ಅವರೇ ಉಳಿದರು.

ಇಲ್ಲಿ ಒಬ್ಬ ಲೇಖಕನ ಪ್ರವೇಶವಾಗುತ್ತದೆ. ಟ್ರಿನಿಡಾಡ್‌ನ ಸಿ.ಎಲ್.ಆರ್. ಜೇಮ್ಸ್ ಇತಿಹಾಸಕಾರರು, ಮಾರ್ಕ್ಸ್‌ವಾದಿ. ಆಗ ‘ದ ನೇಷನ್’ ಎಂಬ ಪತ್ರಿಕೆಯ ಸಂಪಾದಕರು. ಒಕ್ಕೂಟದ ಕನಸು ಕಂಡವರಲ್ಲಿ ಅವರೂ ಒಬ್ಬರು. 1960ರಲ್ಲಿ ಅವರು ತಮ್ಮ ಪತ್ರಿಕೆಯಲ್ಲಿ ವಾರವಾರವೂ ಒಂದೇ ಮಾತು ಬರೆದರು: ವೊರೆಲ್ ನಾಯಕರಾಗಬೇಕು. ಯಾವ ಜನ ತಮ್ಮನ್ನು ತಾವೇ ಆಳಿಕೊಳ್ಳಲು ಹೊರಟಿದ್ದಾರೋ ಅವರ ಹನ್ನೊಂದು ಜನರನ್ನು ಮುನ್ನಡೆಸಲು ಅವರಲ್ಲೇ ಒಬ್ಬ ಯೋಗ್ಯನಿಲ್ಲವೇ ಎಂಬುದು ಅವರ ವಾದದ ತಿರುಳು. ಪತ್ರಿಕೆ ನಡೆಸುವುದು ಎಷ್ಟು ಕಷ್ಟ, ಬರೆದದ್ದರಿಂದ ಆಗುವುದು ಎಷ್ಟು ಕಡಿಮೆ ಎಂದು ಗೊಣಗುವ ನಮ್ಮಂಥವರು ಈ ಪ್ರಸಂಗವನ್ನು ಒಮ್ಮೆ ನೆನೆಯಬಹುದು. ಆ ವರ್ಷ ಮಂಡಳಿ ಮಣಿಯಿತು. ಪೂರ್ಣ ಸರಣಿಗೆ ನೇಮಕಗೊಂಡ ಮೊದಲ ಕರಿಯ ನಾಯಕರಾಗಿ ವೊರೆಲ್ ಆಸ್ಟ್ರೇಲಿಯಾಕ್ಕೆ ಹೊರಟರು. ಆಗ ಅವರಿಗೆ ಮೂವತ್ತಾರು ವರ್ಷ, ಬ್ಯಾಟ್ಸ್‌ಮನ್ ಆಗಿ ಹೊತ್ತು ಇಳಿಯತೊಡಗಿತ್ತು.

ಆ ತಂಡವನ್ನು ನೋಡಿ. ಬಾರ್ಬಡೋಸ್‌ನ ಸೋಬರ್ಸ್, ಹಾಲ್, ಹಂಟ್. ಟ್ರಿನಿಡಾಡ್‌ನ ರಾಮಾಧೀನ್. ಬ್ರಿಟಿಷ್ ಗಯಾನಾದ ಕಬ್ಬಿನ ತೋಟಗಳಿಂದ ಬಂದ ರೋಹನ್ ಕನ್ಹಾಯಿ ಮತ್ತು ಜೋ ಸಾಲೊಮನ್. ಇವರಿಬ್ಬರ ಹಿರಿಯರು ಕರಾರು ಕೂಲಿಗಳಾಗಿ ನಮ್ಮ ನೆಲದಿಂದ ಹಡಗು ಹತ್ತಿದವರು. ಗಯಾನಾ ಆ ಒಕ್ಕೂಟಕ್ಕೆ ಸೇರಿಯೇ ಇರಲಿಲ್ಲ. ತಂಡದ ಗಡಿ ಒಕ್ಕೂಟದ ಗಡಿಗಿಂತ ದೊಡ್ಡದಿತ್ತು. ಇವರೊಂದಿಗೆ, ನಾಯಕತ್ವ ಕಳೆದುಕೊಂಡ ಅಲೆಕ್ಸಾಂಡರ್ ಕೂಡ ಇದ್ದರು. ಅವರು ಮುನಿಸಿಕೊಂಡು ಕೂರಬಹುದಿತ್ತು. ಬದಲಿಗೆ ಐದು ಟೆಸ್ಟುಗಳಲ್ಲಿ 484 ರನ್ ಹೊಡೆದರು. ತನ್ನನ್ನು ಇಳಿಸಿ ಮೇಲೇರಿದವನ ಕೈಕೆಳಗೆ ಒಬ್ಬ ಮನುಷ್ಯ ತನ್ನ ಬಾಳಿನ ಅತ್ಯುತ್ತಮ ಆಟವಾಡುತ್ತಾನೆ ಎಂದರೆ ಅದರಲ್ಲಿ ಇಬ್ಬರ ದೊಡ್ಡತನವೂ ಇದೆ.

ಬ್ರಿಸ್ಬೇನ್‌ನ ಮೊದಲ ಟೆಸ್ಟ್. 1960ರ ಡಿಸೆಂಬರ್ 14ರ ಸಂಜೆ, ಕೊನೆಯ ಓವರ್. ಆಗ ಅಲ್ಲಿ ಓವರಿಗೆ ಎಂಟು ಎಸೆತ. ಆಸ್ಟ್ರೇಲಿಯಾಕ್ಕೆ ಆರು ರನ್ ಬೇಕು, ಮೂರು ವಿಕೆಟ್ ಬಾಕಿ. ಬೌಲರ್ ವೆಸ್ ಹಾಲ್. ಬೌನ್ಸರ್ ಬೇಡ ಎಂದು ವೊರೆಲ್ ಹೇಳಿದ್ದರೂ ಹಾಲ್ ಹಾಕಿದ್ದು ಬೌನ್ಸರನ್ನೇ. ಬೆನೊ ಹುಕ್ ಮಾಡಲು ಹೋಗಿ ಅಲೆಕ್ಸಾಂಡರ್ ಕೈಗೆ ಸಿಕ್ಕರು! ಮುಂದೆ ಗೊಂದಲವೋ ಗೊಂದಲ. ಒಂದು ಕ್ಯಾಚ್ ಕೈಚೆಲ್ಲಿತು. ಹಂಟ್ ಬೌಂಡರಿಯಿಂದ ಎಸೆದ ಚೆಂಡಿಗೆ ಗ್ರೌಟ್ ರನೌಟ್. ಸ್ಕೋರು ಸಮ, ಎರಡು ಎಸೆತ ಉಳಿದಿವೆ. ನೋಬಾಲ್ ಹಾಕಿದರೆ ಬಾರ್ಬಡೋಸ್‌ಗೆ ಕಾಲಿಡುವ ಆಸೆ ಬಿಡು ಎಂದು ವೊರೆಲ್ ತಣ್ಣಗೆ ಎಚ್ಚರಿಸಿದ್ದನ್ನು ಹಾಲ್ ಮುಂದೆ ಎಷ್ಟೋ ಸಲ ಹೇಳಿ ನಕ್ಕಿದ್ದಾರೆ. ಕ್ಲೈನ್ ಚೆಂಡನ್ನು ತಳ್ಳಿ ಓಡಿದರು. ಪಕ್ಕದಲ್ಲಿ ನಿಂತಿದ್ದ ಸಾಲೊಮನ್‌ಗೆ ಕಾಣುತ್ತಿದ್ದದ್ದು ಒಂದೇ ಸ್ಟಂಪ್. ಎಸೆದರು, ತಾಗಿತು. ಟೆಸ್ಟ್ ಚರಿತ್ರೆಯ ಮೊದಲ ಟೈ. ಎಂಬತ್ತಮೂರು ವರ್ಷಗಳಲ್ಲಿ ಹಾಗಾಗಿರಲಿಲ್ಲ. ವೊರೆಲ್ ಗಳಿಕೆ ಎರಡೂ ಇನಿಂಗ್ಸ್‌ಗಳಲ್ಲಿ 65.

ಸರಣಿ 2-1ರಿಂದ ಆಸ್ಟ್ರೇಲಿಯಾದ ಪಾಲಾಯಿತು. ಆದರೆ ಸೋತ ತಂಡ ಊರಿಗೆ ಹೊರಟಾಗ ಮೆಲ್ಬರ್ನ್‌ನ ಬೀದಿಗಳಲ್ಲಿ ಐದು ಲಕ್ಷದಷ್ಟು ಜನ ಬೀಳ್ಕೊಡಲು ನಿಂತಿದ್ದರೆಂದು ಅಂದಾಜು. ಬಿಳಿಯರಿಗೆ ಮಾತ್ರ ವಲಸೆಯ ಬಾಗಿಲು ತೆರೆದಿದ್ದ ಕಾಲದ ಆಸ್ಟ್ರೇಲಿಯಾ ಅದು. ಸೋತ ನಾಯಕನ ಹೆಸರಿನಲ್ಲೇ ಟ್ರೋಫಿ ಮಾಡಿಸಿದರು, ಟೈ ಆದ ಆಟದ ಚೆಂಡನ್ನು ಅದರ ಮೇಲೆ ಕೂರಿಸಿದರು.

ಮರುವರ್ಷ ಭಾರತ ತಂಡ ವೆಸ್ಟ್ ಇಂಡೀಸ್‌ಗೆ ಹೋಯಿತು. ನಮ್ಮ ಮೈಸೂರಿನ ಹುಡುಗ ಪ್ರಸನ್ನ ಆ ತಂಡದಲ್ಲಿದ್ದರು, ಕಿಂಗ್‌ಸ್ಟನ್‌ನಲ್ಲಿ ಒಂದು ಟೆಸ್ಟ್ ಆಡಿದರು. ನಾಯಕ ನಾರಿ ಕಾಂಟ್ರಾಕ್ಟರ್, ವಯಸ್ಸು ಇಪ್ಪತ್ತೆಂಟು. 1962ರ ಮಾರ್ಚ್‌ನಲ್ಲಿ, ಎರಡು ಟೆಸ್ಟುಗಳ ನಡುವೆ, ಬಾರ್ಬಡೋಸ್ ವಿರುದ್ಧದ ಪಂದ್ಯದಲ್ಲಿ ವೇಗಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಅವರ ತಲೆಗೆ ಬಡಿಯಿತು. ಹೆಲ್ಮೆಟ್ ಇಲ್ಲದ ಕಾಲ. ತಲೆಬುರುಡೆ ಒಡೆದಿತ್ತು. ತುರ್ತು ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ಕೊಡಲು ಮುಂದೆ ಬಂದ ಮೊದಲಿಗರಲ್ಲಿ ಎದುರಾಳಿ ನಾಯಕ ವೊರೆಲ್ ಒಬ್ಬರು. ಬೋರ್ಡೆ, ನಾಡಕರ್ಣಿ, ಉಮ್ರಿಗರ್ ಕೂಡ ಕೊಟ್ಟರು. ಬಾರ್ಬಡೋಸ್‌ನ ಕರಿಯನ ರಕ್ತ ಗುಜರಾತಿನ ಪಾರ್ಸಿಯ ಮೈಯಲ್ಲಿ ಹರಿಯಿತು. ಕಾಂಟ್ರಾಕ್ಟರ್ ಬದುಕಿದರು, ಮತ್ತೆ ಟೆಸ್ಟ್ ಆಡಲಿಲ್ಲ. ತಲೆಯಲ್ಲಿ ಕೂರಿಸಿದ್ದ ಲೋಹದ ಪಟ್ಟಿಯನ್ನು ವೈದ್ಯರು ತೆಗೆದದ್ದು 2022ರಲ್ಲಿ. ನಾಯಕತ್ವ ಒಂದೇ ಕಣ್ಣಿನ ದೃಷ್ಟಿಯ, ಇಪ್ಪತ್ತೊಂದರ ಮನ್ಸೂರ್ ಅಲಿ ಖಾನ್ ಪಟೌಡಿಯ ಹೆಗಲಿಗೆ ಬಿತ್ತು.

ಆ ಸರಣಿಯನ್ನು ವೆಸ್ಟ್ ಇಂಡೀಸ್ 5-0ರಿಂದ ಗೆದ್ದಿತು. ಅದು ಮುಗಿದು ಎರಡು ತಿಂಗಳೊಳಗೆ ಒಕ್ಕೂಟ ಮಣ್ಣಾಯಿತು. ಆಗಸ್ಟ್‌ನಲ್ಲಿ ಜಮೈಕಾ ಮತ್ತು ಟ್ರಿನಿಡಾಡ್ ಬೇರೆ ಬೇರೆಯಾಗಿ ಸ್ವತಂತ್ರವಾದವು. 1963ರಲ್ಲಿ ಎರಡು ದೇಶಗಳ, ಎರಡು ವಸಾಹತುಗಳ ಆಟಗಾರರನ್ನು ಒಂದೇ ತಂಡವಾಗಿ ಇಂಗ್ಲೆಂಡಿಗೆ ಕರೆದೊಯ್ದು 3-1ರಿಂದ ಗೆದ್ದು ಬಂದ ವೊರೆಲ್ ಆಟಕ್ಕೆ ವಿದಾಯ ಹೇಳಿದರು. ಒಟ್ಟು 51 ಟೆಸ್ಟ್, 3860 ರನ್, 9 ಶತಕ. ನಾಯಕರಾಗಿ 15 ಟೆಸ್ಟ್, 9 ಗೆಲುವು. ನಾಯಕತ್ವ ಸೋಬರ್ಸ್‌ಗೆ ಹೋಯಿತು. ಇನ್ನು ಅಲ್ಲಿ ನಾಯಕನ ಚರ್ಮದ ಬಣ್ಣ ಸುದ್ದಿಯಾಗಿ ಉಳಿಯಲಿಲ್ಲ.

ಆಮೇಲೆ ಅವರು ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜಮೈಕಾ ಆವರಣದಲ್ಲಿ ವಿದ್ಯಾರ್ಥಿನಿಲಯದ ವಾರ್ಡನ್ ಆದರು. ಆಗಲೇ ಹೇಳಿದೆವಲ್ಲ, ಒಕ್ಕೂಟ ಹೋದ ಮೇಲೂ ಉಳಿದದ್ದು ಎರಡು ಸಂಸ್ಥೆಗಳು. ವೊರೆಲ್ ಎರಡರಲ್ಲೂ ದುಡಿದರು. ದ್ವೀಪಾಭಿಮಾನ ಅವರಿಗೆ ಆಗುತ್ತಿರಲಿಲ್ಲ. 1966ರಲ್ಲಿ ಸ್ವತಂತ್ರವಾದ ಬಾರ್ಬಡೋಸ್ ತಾನೊಂದೇ ‘ಉಳಿದ ಜಗತ್ತು’ ತಂಡದ ಎದುರು ಆಡುವ ಪಂದ್ಯ ಏರ್ಪಡಿಸಿದಾಗ ಅದನ್ನು ಬಹಿರಂಗವಾಗಿ ಟೀಕಿಸಿ ಹುಟ್ಟೂರಿನವರ ಸಿಟ್ಟು ಕಟ್ಟಿಕೊಂಡರು.

ಆ ಚಳಿಗಾಲದಲ್ಲಿ ಅವರು ವೆಸ್ಟ್ ಇಂಡೀಸ್ ತಂಡದ ಜೊತೆ ಭಾರತದಲ್ಲಿದ್ದರು. ಎಂಜಿನಿಯರಿಂಗ್ ಓದಿಗಾಗಿ ಐದು ವರ್ಷ ದೂರವಿದ್ದ ಪ್ರಸನ್ನ ಮದ್ರಾಸಿನಲ್ಲಿ ಟೆಸ್ಟಿಗೆ ಮರಳಿದ ಸರಣಿ ಅದು. ವೊರೆಲ್‌ಗೆ ರಕ್ತದ ಕ್ಯಾನ್ಸರ್ ಇದೆಯೆಂದು ಪತ್ತೆಯಾದದ್ದು ಇಲ್ಲಿಯೇ. ಊರಿಗೆ ಮರಳಿದ ಒಂದು ತಿಂಗಳಲ್ಲಿ, 1967ರ ಮಾರ್ಚ್ 13ರಂದು, ಜಮೈಕಾದಲ್ಲಿ ತೀರಿಕೊಂಡರು. ವಯಸ್ಸು ನಲವತ್ತೆರಡು.

ಗರ್ವಿ ಎಂದು ಕರೆದಿದ್ದ ಬಾರ್ಬಡೋಸ್‌ನಲ್ಲೇ ಅವರ ಮಣ್ಣಾಯಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಮರಣೆಯ ಪ್ರಾರ್ಥನೆ ನಡೆಯಿತು. ಆಟಗಾರನೊಬ್ಬನಿಗೆ ಅಲ್ಲಿ ಆ ಗೌರವ ಸಂದದ್ದು ಅದೇ ಮೊದಲು. ಬಾರ್ಬಡೋಸ್ ತನ್ನ ಐದು ಡಾಲರ್ ನೋಟಿನ ಮೇಲೆ ವೊರೆಲ್ ಮುಖ ಅಚ್ಚು ಹಾಕಿತು. ನೂರರ ನೋಟಿನಲ್ಲಿರುವುದು ಗ್ರಾಂಟ್ಲಿ ಆಡಮ್ಸ್, ಮುರಿದುಬಿದ್ದ ಆ ಒಕ್ಕೂಟದ ಏಕೈಕ ಪ್ರಧಾನಿ. ಕೇವ್ ಹಿಲ್‌ನ ವಿಶ್ವವಿದ್ಯಾಲಯದ ಆವರಣದಲ್ಲಿ ಮೈದಾನವೊಂದಕ್ಕೆ ‘ತ್ರೀ ಡಬ್ಲ್ಯೂಸ್’ ಹೆಸರಿದೆ. ಅದರ ಪಕ್ಕದಲ್ಲಿ ವೊರೆಲ್ ಇದ್ದಾರೆ. 2006ರಲ್ಲಿ ವಾಲ್ಕಾಟ್, 2020ರಲ್ಲಿ ವೀಕ್ಸ್ ಬಂದು ಸೇರಿದರು.

ಇತ್ತ ಬಂಗಾಳದ ಕ್ರಿಕೆಟ್ ಸಂಸ್ಥೆ 1981ರಿಂದ ಫೆಬ್ರವರಿ 3ನ್ನು ಫ್ರಾಂಕ್ ವೊರೆಲ್ ದಿನವೆಂದು ಆಚರಿಸುತ್ತ ಬಂದಿದೆ. ಅಂದು ಕೋಲ್ಕತಾದಲ್ಲಿ ಭಾಷಣ, ಹಾರ ಏನಿದ್ದರೂ ಮುಖ್ಯ ಕಾರ್ಯಕ್ರಮ ಒಂದೇ: ಜನ ಸಾಲಾಗಿ ಬಂದು ರಕ್ತ ಕೊಡುತ್ತಾರೆ.